ಚೀಲದ ತೂಕ ಎಲ್ಲಿ ಬರೆದಿದೆ?

ಕಳೆದ ಸಂಕ್ರಾಂತಿ ರಜೆಗೆ ಚಿಕ್ಕೇರೂರಿಗೆ ಹೋದಾಗ ಗೊತ್ತಾಯ್ತು, ನಾನು ಬರೆದ ಪ್ರೋಗ್ರಾಂ ಒಬ್ಬ ಅಜ್ಜಿಗೆ 1,260 ರೂಪಾಯಿ ಕಡಿಮೆ ಲೆಕ್ಕ ಹಾಕಿದೆ ಅಂತ. ಪ್ರೋಗ್ರಾಂ ಕ್ರ್ಯಾಶ್ ಆಗಿರಲಿಲ್ಲ. ಯಾವ ಎರರ್ ಕೂಡ ಬಂದಿರಲಿಲ್ಲ. ಅದಕ್ಕೆ ಜಾವಾಡಾಕ್‌ನಿಂದ ತೆಗೆದ ಚಂದದ ಡಾಕ್ಯುಮೆಂಟೇಶನ್ ಇತ್ತು, ಮಿನಿ ಪ್ರಾಜೆಕ್ಟ್‌ನಲ್ಲಿ ಅದಕ್ಕೇ ಅಂತ ಮಾರ್ಕ್ಸ್ ಕೂಡ ಬಂದಿತ್ತು. ಆ ಡಾಕ್ಯುಮೆಂಟೇಶನ್ ಬಗ್ಗೆಯೇ ಈ ಲೇಖನ.

ಮೊದಲು ಕಥೆ ಹೇಳಿಬಿಡ್ತೀನಿ. ನಮ್ಮ ಮಾಮಾ ಊರಲ್ಲಿ ರೈತರಿಂದ ಗೋವಿನಜೋಳ ತಗೊಂಡು ದೊಡ್ಡ ವ್ಯಾಪಾರಿಗಳಿಗೆ ಕಳಿಸ್ತಾರೆ. ಅವರ ಲೆಕ್ಕ ಎಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ ಇರ್ತಿತ್ತು. ಮೂರನೇ ಸೆಮಿಸ್ಟರ್‌ನಲ್ಲಿ ಜಾವಾ ಶುರುವಾಯ್ತು, ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಬೇಕಿತ್ತು, ಮಾಮಾನ ಲೆಕ್ಕವನ್ನೇ ಪ್ರೋಗ್ರಾಂ ಮಾಡಿದೆ. ದೀಪಾವಳಿ ಹೊತ್ತಿಗೆ ಅವರ ಅಂಗಡಿಯ ಹಳೇ ಲ್ಯಾಪ್‌ಟಾಪ್‌ಗೆ ಹಾಕಿ ಕೊಟ್ಟೆ. ಲೆಕ್ಕ ಸುಲಭ: ಒಟ್ಟು ತೂಕದಲ್ಲಿ ಒಂದೊಂದು ಚೀಲಕ್ಕೆ ಒಂದು ಕಿಲೋ ಕಳಿ, ಉಳಿದದ್ದನ್ನ ನೂರರಿಂದ ಭಾಗಿಸು, ಕ್ವಿಂಟಲ್ ರೇಟಿನಿಂದ ಗುಣಿಸು, ಹಮಾಲಿ ಕಳಿ. ಎರಡು ತಿಂಗಳು ಚೆನ್ನಾಗೇ ನಡೀತು.

ಜನವರಿಯಲ್ಲಿ ಮಾಮಾ ಹೊಸ ಎಲೆಕ್ಟ್ರಾನಿಕ್ ಕಾಟಾ ತಂದರು. ಅದರಲ್ಲಿ ಖಾಲಿ ಚೀಲ ಇಟ್ಟು ಒಂದು ಬಟನ್ ಒತ್ತಿದರೆ ಸೊನ್ನೆ ಆಗುತ್ತೆ, ಆಮೇಲೆ ಕಾಳು ತುಂಬಿದರೆ ಬರೀ ಕಾಳಿನ ತೂಕ ತೋರಿಸುತ್ತೆ. ಅಂಗಡಿಯ ಹುಡುಗ ಅದೇ ತೂಕವನ್ನ ಪ್ರೋಗ್ರಾಂಗೆ ಟೈಪ್ ಮಾಡಿದ. ಪ್ರೋಗ್ರಾಂ ಮತ್ತೆ ಒಂದೊಂದು ಚೀಲಕ್ಕೆ ಒಂದು ಕಿಲೋ ಕಳೀತು. ಅಂದ್ರೆ ಚೀಲದ ತೂಕ ಎರಡು ಸಲ ಹೋಯ್ತು.

ಇದನ್ನ ಕಂಡುಹಿಡಿದದ್ದು ನಾನಲ್ಲ, ಮಾಮಾನೂ ಅಲ್ಲ. ದರ ಏರಲಿ ಅಂತ ಸಂಕ್ರಾಂತಿವರೆಗೂ ಕಾಳು ಇಟ್ಟುಕೊಂಡಿದ್ದ ಒಬ್ಬ ಅಜ್ಜಿ. 60 ಚೀಲ, ಚೀಲಕ್ಕೆ 55 ಕಿಲೋ. ಕಾಟಾದ ಮುಂದೆ ನಿಂತು ಒಂದೊಂದನ್ನೂ ನೋಡಿದ್ದರು. ಬಿಲ್ಲು ಕೈಗೆ ಬಂದಾಗ ಅದರಲ್ಲಿ 32.40 ಕ್ವಿಂಟಲ್ ಅಂತ ಇತ್ತು. ಮೊಮ್ಮಗನ ಹತ್ತಿರ ಓದಿಸಿಕೊಂಡು ಮಾರನೇ ದಿನ ವಾಪಸ್ ಬಂದರು. ನಾನು ಅಂಗಡಿಯಲ್ಲೇ ಕೂತಿದ್ದೆ.

"ಮೂವತ್ಮೂರು ಆಗಬೇಕಲ್ಲೋ ತಮ್ಮಾ. ಅರವತ್ತು ಕೆ.ಜಿ. ಎಲ್ಲಿ ಹೋತು? ನಿನ್ನ ಕಂಪ್ಯೂಟರ್ ಚೀಲಾನೂ ತಿಂತೈತೇನು?"

ಕರೆಕ್ಟಾಗಿ ಅದನ್ನೇ ತಿಂದಿತ್ತು. 60 ಕಿಲೋ, ಕ್ವಿಂಟಲ್‌ಗೆ 2,100 ರೂಪಾಯಿಯಂತೆ 1,260 ರೂಪಾಯಿ. ಮಾಮಾ "ತಪ್ಪಾತು ಯವ್ವಾ" ಅಂತ ಹೇಳಿ ಅಲ್ಲೇ ಹಣ ಕೊಟ್ಟರು. ಆಮೇಲೆ ಹೊಸ ಕಾಟಾ ಬಂದ ದಿನದಿಂದ ಇದ್ದ ಬಿಲ್ಲುಗಳನ್ನೆಲ್ಲ ತೆಗೆದು, ಇನ್ನೂ 11 ಜನರ ಮನೆಗೆ ತಾವೇ ಹೋಗಿ ಕೊಟ್ಟು ಬಂದರು. ನನಗೆ ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಚೀಲದ ತೂಕ ಅದರಾಗ ಕಳೀತೈತಿ ಅಂತ ಎಲ್ಲಿ ಬರದೀಯೋ?"

ನಾನು ಲ್ಯಾಪ್‌ಟಾಪ್ ತೆಗೆದು ಜಾವಾಡಾಕ್ ಪೇಜ್ ಓಪನ್ ಮಾಡಿದೆ. ನೀಲಿ ಪಟ್ಟಿ, ಮೆಥಡ್‌ಗಳ ಟೇಬಲ್, ಎಲ್ಲ ಕ್ಲಿಕ್ ಆಗುತ್ತೆ, ನೋಡೋಕೆ ಒರಾಕಲ್ ಕಂಪನಿಯವರ ಪೇಜ್ ತರಾನೇ ಇದೆ. ಅಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ವೇಟ್ ಅಂದ್ರೆ "ದ ವೇಟ್". ಬ್ಯಾಗ್ಸ್ ಅಂದ್ರೆ "ದ ಬ್ಯಾಗ್ಸ್". ರೇಟ್ ಅಂದ್ರೆ "ದ ರೇಟ್". ರಿಟರ್ನ್ಸ್ "ದ ಅಮೌಂಟ್". ಮಾಮಾಗೆ ಅದನ್ನ ಕನ್ನಡದಲ್ಲಿ ಓದಿ ಹೇಳೋಕೆ ಹೋದೆ. ತೂಕ ಅಂದ್ರೆ ತೂಕ, ಚೀಲ ಅಂದ್ರೆ ಚೀಲ. ಮಾಮಾ ನನ್ನ ಮುಖ ನೋಡಿದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರ ಡಾಕ್ಯುಮೆಂಟೇಶನ್ ಹೀಗೇ ಇರುತ್ತೆ, ಇದು ನನಗೆ ಗ್ಯಾರಂಟಿ ಗೊತ್ತು. ಯಾಕೆಂದರೆ ನಾವೆಲ್ಲ ಅದನ್ನ ಬರೆಯೋದು ಒಂದೇ ರೀತಿ: ಸಬ್ಮಿಷನ್ ಹಿಂದಿನ ರಾತ್ರಿ.

ಈ ಟೂಲ್ ಏನು ಮಾಡುತ್ತೆ ಅನ್ನೋದನ್ನ ಜೂನಿಯರ್‌ಗಳಿಗಾಗಿ ಸ್ವಲ್ಪ ಹೇಳ್ತೀನಿ. ಕೋಡಿನಲ್ಲಿ ಒಂದು ಮೆಥಡ್‌ನ ಮೇಲೆ ವಿಶೇಷ ಗುರುತಿನ ಕಮೆಂಟ್ ಬರೀತೀವಿ: ಒಂದು ಓರೆಗೆರೆ, ಎರಡು ನಕ್ಷತ್ರ. ಜಾವಾಡಾಕ್ ಕೋಡನ್ನ ಓದಿ, ಕ್ಲಾಸ್ ಯಾವುದು, ಮೆಥಡ್ ಯಾವುದು, ಅದಕ್ಕೆ ಏನೇನು ಕೊಡಬೇಕು, ಏನು ವಾಪಸ್ ಬರುತ್ತೆ ಅನ್ನೋದನ್ನ ತಾನೇ ಹುಡುಕಿ, ನಮ್ಮ ಕಮೆಂಟನ್ನ ಅದರ ಜೊತೆ ಜೋಡಿಸಿ ವೆಬ್ ಪೇಜ್ ಮಾಡಿಕೊಡುತ್ತೆ. 1996ರಲ್ಲಿ ಜಾವಾ ಹೊರಬಂದಾಗಿನಿಂದ ಈ ಟೂಲ್ ಅದರ ಜೊತೆಗೇ ಇದೆ. ಸಿ ಪ್ಲಸ್ ಪ್ಲಸ್‌ನವರಿಗೆ 1997ರಿಂದ ಡಾಕ್ಸಿಜನ್ ಇದೆ, ಪೈಥಾನ್‌ನವರಿಗೆ 2008ರಿಂದ ಸ್ಫಿಂಕ್ಸ್ ಇದೆ, ರಸ್ಟ್ ಭಾಷೆಯವರಿಗೆ ರಸ್ಟ್‌ಡಾಕ್ ಇದೆ. ಎಲ್ಲದರ ಹಿಂದಿನ ಯೋಚನೆ ಒಂದೇ. ವಿವರಣೆ ಬೇರೆ ಫೈಲಿನಲ್ಲಿ ಇದ್ದರೆ ಕೋಡ್ ಬದಲಾದಾಗ ಅದನ್ನ ಬದಲಾಯಿಸೋಕೆ ಮರೆತುಬಿಡ್ತೀವಿ, ಅದಕ್ಕೆ ಎರಡೂ ಪಕ್ಕದಲ್ಲೇ ಇರಲಿ ಅಂತ.

ತುಂಬಾ ಒಳ್ಳೆಯ ಯೋಚನೆ. ಆದರೆ ಟೂಲ್ ಏನನ್ನ ಚೆಕ್ ಮಾಡುತ್ತೆ ನೋಡಿ. ಕಮೆಂಟ್ ಇಲ್ಲದಿದ್ದರೆ "ನೋ ಕಮೆಂಟ್" ಅಂತ ವಾರ್ನಿಂಗ್ ಕೊಡುತ್ತೆ. ವೇಟ್ ಬಗ್ಗೆ ಏನೂ ಬರೆಯದಿದ್ದರೆ ಅದಕ್ಕೂ ವಾರ್ನಿಂಗ್. "ದ ವೇಟ್" ಅಂತ ಬರೆದ ತಕ್ಷಣ ವಾರ್ನಿಂಗ್ ಹೋಗುತ್ತೆ. ಅವತ್ತು ರಾತ್ರಿ ನನ್ನ ಪ್ರಾಜೆಕ್ಟ್‌ನಲ್ಲಿ 14 ವಾರ್ನಿಂಗ್ ಇದ್ದವು, ಹತ್ತು ನಿಮಿಷದಲ್ಲಿ ಎಲ್ಲಾ ಕ್ಲಿಯರ್ ಮಾಡಿ ಖುಷಿಯಾಗಿ ಮಲಗಿದೆ. ಜಾಗ ತುಂಬಿದೆಯೋ ಇಲ್ಲವೋ ಅನ್ನೋದು ಟೂಲಿಗೆ ಗೊತ್ತು. ತುಂಬಿದ್ದು ಕಾಳೋ ಹೊಟ್ಟೋ ಅನ್ನೋದು ಗೊತ್ತಿಲ್ಲ.

ಈಗ ಎ.ಐ. ಟೂಲ್‌ಗಳೂ ಕಮೆಂಟ್ ಬರೆದುಕೊಡ್ತವೆ. ಅಜ್ಜಿಯ ವಿಷಯ ಆದಮೇಲೆ ಕುತೂಹಲಕ್ಕೆ ನನ್ನ ಅದೇ ಮೆಥಡ್ ಕೊಟ್ಟು ನೋಡಿದೆ. ವೇಟ್‌ಗೆ ಒಂದೂವರೆ ಸಾಲಿನ ಒಳ್ಳೆ ಇಂಗ್ಲಿಷ್ ಬಂತು, ಸಾರಾಂಶ "ಸರಕಿನ ಒಟ್ಟು ತೂಕ" ಅಂತ. ಹಳೇ ಕಾಟಾದ ಕಾಲಕ್ಕೆ ಅದು ಸರಿಯೇ. ಆದರೆ ಚಿಕ್ಕೇರೂರಿನ ಒಂದು ಅಂಗಡಿಗೆ ಹೊಸ ಕಾಟಾ ಬಂದಿದೆ ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು?

ನನ್ನ ಅಭಿಪ್ರಾಯ ಇಲ್ಲಿಂದ ಶುರು. ನನ್ನ ಕೋಡಿನಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ, ಬದಲಾದದ್ದು ಅಂಗಡಿಯ ಕಾಟಾ. ಹಾಗಾಗಿ ಕೋಡ್ ಪಕ್ಕದಲ್ಲಿ ಕಮೆಂಟ್ ಇದ್ದರೂ ಉಪಯೋಗ ಇರಲಿಲ್ಲ. ಈ ತಪ್ಪನ್ನ ಹಿಡಿಯಬಹುದಾಗಿದ್ದ ಮನುಷ್ಯರು ಇಬ್ಬರೇ: ಮಾಮಾ, ಮತ್ತು ಅಂಗಡಿಯ ಹುಡುಗ. ಇಬ್ಬರೂ ಕನ್ನಡ ಓದ್ತಾರೆ, ಇಂಗ್ಲಿಷ್ ಓದಲ್ಲ. ನಾನು ಡಾಕ್ಯುಮೆಂಟೇಶನ್ ಬರೆದದ್ದು ಅದನ್ನ ಯಾವತ್ತೂ ಓದದವರಿಗಾಗಿ, ಮಾರ್ಕ್ಸ್ ಶೀಟಿಗಾಗಿ. ಯಾರ ಲೆಕ್ಕವೋ ಅವರು ಓದಿ "ಇದು ತಪ್ಪು" ಅನ್ನೋ ಹಾಗಿದ್ದರೆ ಮಾತ್ರ ಅದು ಡಾಕ್ಯುಮೆಂಟೇಶನ್. ನಮ್ಮ ಊರಿನವರಿಗಾಗಿ ಮಾಡೋ ಪ್ರೋಗ್ರಾಂಗಳಿಗೆ ಅದನ್ನ ಕನ್ನಡದಲ್ಲಿ ಬರೆಯಬೇಕು. ಅಭಿಮಾನದ ಮಾತು ಪಕ್ಕಕ್ಕಿರಲಿ, ಇದು ನನ್ನ ಮಟ್ಟಿಗೆ ಬಗ್ ಹಿಡಿಯೋ ವಿಧಾನ.

ರಜೆ ಮುಗಿಯೋದರೊಳಗೆ ಅದೇ ಕಮೆಂಟನ್ನ ಕನ್ನಡದಲ್ಲಿ ಬರೆಯೋಕೆ ಕೂತೆ. ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಬರೆಯೋದು ನಿಧಾನ. ಆ ನಿಧಾನವೇ ಉಪಯೋಗಕ್ಕೆ ಬಂತು. ಇಂಗ್ಲಿಷಿನಲ್ಲಿ "ದ ವೇಟ್" ಅಂತ ಕೈ ತಾನಾಗೇ ಟೈಪ್ ಮಾಡುತ್ತೆ. ಕನ್ನಡದಲ್ಲಿ "ತೂಕ" ಅಂತ ಬರೆದು ನಿಲ್ಲಿಸೋಕೆ ಆಗಲಿಲ್ಲ, ಮಾಮಾ ಎದುರಿಗೆ ಕೂತು "ಯಾವ ತೂಕ?" ಅಂತ ಕೇಳಿದ ಹಾಗೆ ಆಯ್ತು. ಹೀಗೆ ಬರೆದೆ:

"ತೂಕ: ಚೀಲವೂ ಸೇರಿ, ಕಿಲೋ ಲೆಕ್ಕದಲ್ಲಿ. ಚೀಲ: ಒಟ್ಟು ಎಷ್ಟು ಚೀಲ. ಚೀಲಕ್ಕೆ 1 ಕಿಲೋದಂತೆ ತೂಕದಲ್ಲಿ ಇಲ್ಲೇ ಕಳೆಯುತ್ತದೆ. ಕಾಟಾದಲ್ಲೇ ಚೀಲದ ತೂಕ ಕಳೆದಿದ್ದರೆ ಇಲ್ಲಿ ಸೊನ್ನೆ ಕೊಡಿ."

ಕೊನೆಯ ವಾಕ್ಯ ಬರೆದಮೇಲೆ ಗೊತ್ತಾಯ್ತು, ಅದು ಸುಳ್ಳು. ಚೀಲದ ಸಂಖ್ಯೆಯಿಂದಲೇ ಹಮಾಲಿಯನ್ನೂ ಲೆಕ್ಕ ಹಾಕ್ತಾ ಇದ್ದೆ. ಸೊನ್ನೆ ಕೊಟ್ಟರೆ ಹಮಾಲಿಯೂ ಸೊನ್ನೆ. ಅಂದ್ರೆ ಆ ಮೆಥಡನ್ನ ಹೊಸ ಕಾಟಾಗೆ ಸರಿಯಾಗಿ ಬಳಸೋಕೆ ಸಾಧ್ಯವೇ ಇರಲಿಲ್ಲ. ಒಂದು ಸಂಖ್ಯೆಗೆ ಎರಡು ಕೆಲಸ ಕೊಟ್ಟಿದ್ದೆ, ಡಿಸೈನೇ ತಪ್ಪು. ವಿವರಣೆಯನ್ನ ನೇರವಾಗಿ ಬರೆಯೋಕೆ ಬರಲಿಲ್ಲ ಅಂದ್ರೆ ಹೆಚ್ಚಿನ ಸಲ ಕೋಡ್ ಸರಿ ಇಲ್ಲ ಅಂತಲೇ ಅರ್ಥ, ಇದನ್ನ ಅವತ್ತು ಕಲಿತೆ. ಎರಡನ್ನೂ ಬೇರೆ ಮಾಡಿದೆ.

ಆಮೇಲೆ ಪೇಜನ್ನ ಪ್ರಿಂಟ್ ತೆಗೆದು ಮಾಮಾಗೆ ಕೊಟ್ಟೆ. ಚಹಾ ಕುಡೀತಾ ಓದಿದರು. ಮೊದಲು ನನ್ನ ಎರಡು ಕಾಗುಣಿತದ ತಪ್ಪು ತಿದ್ದಿದರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು: "ಹಮಾಲಿಯನ್ನು ಎಲ್ಲಾ ಚೀಲಗಳಿಗೂ ಕಳೆಯುತ್ತದೆ."

"ಹಿಂಗಂತ ನಿನಗ ಯಾರು ಹೇಳಿದ್ರು? ಟ್ರ್ಯಾಕ್ಟರ್ ತಂದವರು ತಾವ ಇಳಿಸಿದ್ರ ನಾವು ಹಮಾಲಿ ಹಿಡಿಯೂದಿಲ್ಲ."

ಅಂಗಡಿಯ ಹುಡುಗ ಅಂಥವರ ಹಮಾಲಿಯನ್ನ ಇಷ್ಟು ದಿನ ಬಿಲ್ಲಿನ ಮೇಲೆ ಪೆನ್ನಿನಿಂದ ತಿದ್ದಿ ಕೊಡ್ತಾ ಇದ್ದನಂತೆ, ನನಗೆ ಹೇಳೋಕೆ ಸಂಕೋಚ ಪಟ್ಟಿದ್ದ. ಪ್ರಾಜೆಕ್ಟ್ ವೈವಾದಲ್ಲಿ ಯಾರಿಗೂ ಸಿಗದ ಬಗ್ ಮಾಮಾಗೆ ಒಂದು ಕಪ್ ಚಹಾದಲ್ಲಿ ಸಿಕ್ಕಿತು. ಜಾವಾ ಅಂದ್ರೆ ಏನು ಅಂತ ಅವರಿಗೆ ಗೊತ್ತಿಲ್ಲ. ಹಮಾಲಿ ಅಂದ್ರೆ ಏನು ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಹೀಗೆ ಅಳತೆಯ ಜೊತೆ ಅಳತೆಗೋಲನ್ನೂ ಹೇಳೋದು ನಮ್ಮ ಕಡೆ ಹೊಸದೇನಲ್ಲ. ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಕಂಬ ಇದೆ. ಹಳೇ ದಾನಶಾಸನಗಳಲ್ಲಿ ಇಷ್ಟು ಮತ್ತರು ಭೂಮಿ ಅಂತ ಹೇಳಿ ಬಿಡದೆ, ಯಾವ ಗಳೆಯಿಂದ ಅಳೆದದ್ದು ಅಂತಲೂ ಎಷ್ಟೋ ಕಡೆ ಬರೆದಿರ್ತಾರೆ. ಭೇರುಂಡ ಗಳೆ ಅಂತ ಒಂದರ ಹೆಸರೇ ಇದೆ. ಗಳೆ ಊರಿಂದ ಊರಿಗೆ ಬೇರೆ ಆಗಬಹುದು, ಬರೀ ಸಂಖ್ಯೆ ಬರೆದರೆ ಮುಂದೆ ಜಗಳ ಆಗುತ್ತೆ ಅನ್ನೋದು ಕಲ್ಲು ಕೆತ್ತಿಸಿದವರಿಗೆ ಗೊತ್ತಿತ್ತು. ಅಮೆರಿಕದ ನಾಸಾ 1998ರಲ್ಲಿ ಮಂಗಳ ಗ್ರಹಕ್ಕೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಹಾಳಾದದ್ದು ಕೂಡ ಅಳತೆಯ ಗೊಂದಲದಿಂದಲೇ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದನ್ನ ಇನ್ನೊಂದು ನ್ಯೂಟನ್ ಲೆಕ್ಕ ಅಂದುಕೊಂಡಿತು. ನ್ಯೂಟನ್‌ನಲ್ಲೇ ಕೊಡಬೇಕು ಅಂತ ಡಾಕ್ಯುಮೆಂಟಿನಲ್ಲಿ ಬರೆದಿತ್ತು, ಅದರ ಪ್ರಕಾರ ಆಗಿದೆಯಾ ಅಂತ ಹೊಂದಿಸಿ ನೋಡಿದವರಿಲ್ಲ. ಬರೆದರೆ ಸಾಲದು, ತಿಳಿದವರು ಓದಲೂಬೇಕು.

ಕನ್ನಡದಲ್ಲಿ ಬರೆದರೆ ಟೂಲ್ ಕೆಲಸ ಮಾಡುತ್ತಾ ಅಂತ ಕೇಳ್ತೀರಿ. ಮಾಡುತ್ತೆ, ಸ್ವಲ್ಪ ತೊಂದರೆ ಕೊಟ್ಟು. ಮೊದಲ ಸಲ ನನ್ನ ಪೇಜ್ ತುಂಬಾ ವಿಚಿತ್ರ ಚಿಹ್ನೆಗಳು ಬಂದವು. ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಜೆಡಿಕೆ 8 ಇತ್ತು, ಅದು ಫೈಲನ್ನ ಯುಟಿಎಫ್-8 ಅಂತ ತಾನಾಗಿ ತಿಳಿದುಕೊಳ್ಳಲ್ಲ. ಜಾವಾಡಾಕ್ ಕಮಾಂಡ್‌ಗೆ ಎನ್‌ಕೋಡಿಂಗ್, ಡಾಕ್‌ಎನ್‌ಕೋಡಿಂಗ್, ಚಾರ್‌ಸೆಟ್ ಅಂತ ಮೂರು ಆಪ್ಷನ್ ಕೊಟ್ಟು ಮೂರಕ್ಕೂ ಯುಟಿಎಫ್-8 ಅಂತ ಹೇಳಿದೆ, ಸರಿಹೋಯ್ತು. 2022ರಲ್ಲಿ ಬಂದ ಜೆಡಿಕೆ 18ರಿಂದ ಯುಟಿಎಫ್-8 ಡೀಫಾಲ್ಟ್ ಆಗಿದೆ, ಹೊಸ ವರ್ಷನ್ ಇದ್ದವರಿಗೆ ಈ ತಲೆನೋವು ಇಲ್ಲ.

ಎರಡನೇದು ತಮಾಷೆ. ಜಾವಾಡಾಕ್ ಪ್ರತಿ ಮೆಥಡ್‌ನ ಮೊದಲ ವಾಕ್ಯವನ್ನ ಮೇಲಿನ ಟೇಬಲ್‌ನಲ್ಲಿ ಸಾರಾಂಶ ಅಂತ ಹಾಕುತ್ತೆ. ಚುಕ್ಕಿ ಬಂದು ಅದರ ಮುಂದೆ ಖಾಲಿ ಜಾಗ ಇದ್ದರೆ ವಾಕ್ಯ ಮುಗೀತು ಅಂತ ಅದರ ಲೆಕ್ಕ. ನಾನು "ತೂಕವನ್ನು ಕೆ.ಜಿ. ಲೆಕ್ಕದಲ್ಲಿ ಕೊಡಬೇಕು" ಅಂತ ಶುರು ಮಾಡಿದ್ದೆ. ಟೇಬಲ್‌ನಲ್ಲಿ "ತೂಕವನ್ನು ಕೆ.ಜಿ." ಅಂತ ಬಂದು ನಿಂತಿತು. ಆಮೇಲೆ "ಕಿಲೋ" ಅಂತ ಬರೆಯೋಕೆ ಶುರು ಮಾಡಿದೆ. ಪೇಜಿನ ಹೆಡ್ಡಿಂಗ್‌ಗಳು, ಅಂದ್ರೆ ಪ್ಯಾರಾಮೀಟರ್ಸ್, ರಿಟರ್ನ್ಸ್ ಅನ್ನೋವು, ಇಂಗ್ಲಿಷಿನಲ್ಲೇ ಉಳಿದವು. ಜಪಾನಿ, ಚೀನಿ ಭಾಷೆಗಳಿಗೆ ಅವುಗಳ ಅನುವಾದ ಜೆಡಿಕೆ ಜೊತೆಗೇ ಬರುತ್ತೆ, ಕನ್ನಡಕ್ಕೆ ಇಲ್ಲ. ಪ್ರಿಂಟ್ ಕೊಡೋವಾಗ ನಾನೇ ಪೆನ್ನಿನಿಂದ "ಕೊಡಬೇಕಾದದ್ದು", "ಬರುವುದು" ಅಂತ ಬರೆದೆ. ಮಾಮಾಗೆ ಅಷ್ಟು ಸಾಕಾಯ್ತು.

ಇದನ್ನ ಹಾಸ್ಟೆಲ್‌ನಲ್ಲಿ ಹೇಳಿದಾಗ ಫ್ರೆಂಡ್ಸ್ ಮೂರು ಆಕ್ಷೇಪ ಎತ್ತಿದರು. ಮೂರೂ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ.

ಒಂದು, ಕಂಪನಿಯಲ್ಲಿ ಕನ್ನಡ ಕಮೆಂಟ್ ಬರೆದರೆ ಯಾರು ಓದ್ತಾರೆ ಅಂತ. ನಿಜ, ಓದಲ್ಲ. ತಂಡದಲ್ಲಿ ಬಿಹಾರದವರು, ಕೇರಳದವರು ಇದ್ದರೆ ಇಂಗ್ಲಿಷಿನಲ್ಲೇ ಬರೆಯಬೇಕು. ಎಲ್ಲರೂ ಬಳಸೋ ಲೈಬ್ರರಿಗೂ ಇಂಗ್ಲಿಷೇ ಸರಿ. ನಾನು ಹೇಳ್ತಿರೋದು ನಾವು ಮಿನಿ ಪ್ರಾಜೆಕ್ಟ್ ಅಂತ ಮಾಡೋ ಡೇರಿ ಲೆಕ್ಕ, ಕಿರಾಣಿ ಸ್ಟಾಕ್, ಸ್ವಸಹಾಯ ಸಂಘದ ಬಡ್ಡಿ, ಇಂಥವುಗಳ ಬಗ್ಗೆ. ಅವುಗಳ ವಿಷಯ ತಿಳಿದವರು ನಮ್ಮ ಮನೆಯಲ್ಲೇ ಇದ್ದಾರೆ.

ಎರಡು, ವೇರಿಯೇಬಲ್‌ಗೆ ಒಳ್ಳೆ ಹೆಸರು ಇಟ್ಟಿದ್ದರೆ ಕಮೆಂಟೇ ಬೇಡ ಅಂತ. ಇದನ್ನ ಅರ್ಧ ಒಪ್ತೀನಿ. ವೇಟ್ ಬದಲು "ಗ್ರಾಸ್ ವೇಟ್ ಕೆಜಿ" ಅಂತ ಇಟ್ಟಿದ್ದರೆ ನನಗಾದರೂ ನೆನಪಿರ್ತಿತ್ತು, ಈಗ ಹಾಗೇ ಇಟ್ಟಿದ್ದೀನಿ. ಆದರೆ ಚೀಲಕ್ಕೆ ಒಂದೇ ಕಿಲೋ ಯಾಕೆ, ಅದನ್ನ ಯಾರು ನಿರ್ಧರಿಸಿದ್ದು, ಪ್ಲಾಸ್ಟಿಕ್ ಚೀಲ ಬಂದರೆ ಏನು ಮಾಡಬೇಕು ಅನ್ನೋದನ್ನ ಹೆಸರಿನಲ್ಲಿ ತುರುಕೋಕೆ ಆಗಲ್ಲ.

ಮೂರು, ಹಳ್ಳಿಯಲ್ಲಿ ಯಾರು ಡಾಕ್ಯುಮೆಂಟೇಶನ್ ಓದ್ತಾರೆ ಅಂತ. ಈ ಆಕ್ಷೇಪಕ್ಕೆ ನನ್ನ ಹತ್ತಿರ ಇರೋ ಉತ್ತರ ಆ ಅಜ್ಜಿ. ತಮಗೆ ಓದೋಕೆ ಬರದಿದ್ದರೂ ಬಿಲ್ಲನ್ನ ಓದಿಸಿಕೊಂಡು, ಲೆಕ್ಕ ಹಾಕಿ, ವಾಪಸ್ ನಡೆದು ಬಂದರು. ತಮ್ಮ ದುಡ್ಡಿನ ವಿಷಯ ಅರ್ಥ ಆಗೋ ಮಾತಿನಲ್ಲಿ ಇದ್ದರೆ ಜನ ಓದ್ತಾರೆ. ನಾವು ಆ ಮಾತಿನಲ್ಲಿ ಬರೆಯಲ್ಲ, ಆಮೇಲೆ ಓದಲ್ಲ ಅಂತ ದೂರ್ತೀವಿ.

ಪೈಥಾನ್‌ನಲ್ಲಿ ಡಾಕ್‌ಟೆಸ್ಟ್ ಅಂತ ಒಂದು ಸೌಲಭ್ಯ ಇದೆ, ರಸ್ಟ್‌ನಲ್ಲೂ ಅಂಥದ್ದು ಇದೆ: ವಿವರಣೆಯ ಒಳಗೆ ಕೊಟ್ಟ ಉದಾಹರಣೆಯನ್ನ ಓಡಿಸಿ, ಬರೆದ ಉತ್ತರವೇ ಬರುತ್ತಾ ಅಂತ ನೋಡುತ್ತೆ. ಜಾವಾಡಾಕ್‌ನಲ್ಲಿ ಅದು ಇಲ್ಲದ್ದರಿಂದ ಬೇರೆ ಟೆಸ್ಟ್ ಬರೆದೆ. ಈಗ ನನ್ನ ಕಮೆಂಟಿನಲ್ಲಿ ಒಂದು ಉದಾಹರಣೆ ಇದೆ: "ಕಾಟಾದಲ್ಲಿ ಚೀಲ ಕಳೆದು 3,300 ಕಿಲೋ, 60 ಚೀಲ, ದರ 2,100. ಹಮಾಲಿಗೆ ಮೊದಲು 69,300 ರೂಪಾಯಿ ಬರಬೇಕು." ಅಜ್ಜಿಯ ಲೆಕ್ಕವೇ ಅದು. ಯಾವತ್ತಾದರೂ ಕೋಡ್ ಬದಲಾಯಿಸುವಾಗ 68,040 ಬಂದರೆ ಟೆಸ್ಟ್ ಫೇಲ್ ಆಗುತ್ತೆ.

ಕ್ಲಬ್‌ನವರಿಗೂ ಕ್ಲಾಸಿನವರಿಗೂ ನನ್ನದು ಒಂದು ಕೋರಿಕೆ. ಈ ಸೆಮಿಸ್ಟರ್‌ನ ಪ್ರಾಜೆಕ್ಟ್‌ನಲ್ಲಿ ಪೂರ್ತಿ ಬೇಡ, ಹಣ ಅಥವಾ ತೂಕ ಲೆಕ್ಕ ಹಾಕೋ ಒಂದೇ ಒಂದು ಮೆಥಡ್ ತಗೊಳ್ಳಿ. ಅದರ ವಿವರಣೆಯನ್ನ ಕನ್ನಡದಲ್ಲಿ ಬರೆಯಿರಿ, ಕಾಗುಣಿತ ತಪ್ಪಾದರೂ ಪರವಾಗಿಲ್ಲ. ಪೇಜ್ ತೆಗೆದು, ಆ ಕೆಲಸವನ್ನ ನಿಜವಾಗಿ ಮಾಡೋ ಒಬ್ಬರಿಗೆ ಓದೋಕೆ ಕೊಡಿ. ಓದಿ ಮುಗಿಸೋವರೆಗೂ ಎದುರಿಗೆ ಕೂತಿರಿ. ಅವರು ಎಲ್ಲಿ ಬೆರಳಿಡ್ತಾರೆ ನೋಡಿ, ಆ ಸಾಲನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹಾಕಿ.

ಮಾಮಾನ ಅಂಗಡಿಯಲ್ಲಿ ಆ ಪ್ರಿಂಟ್ ಈಗ ಕಾಟಾದ ಹಿಂದಿನ ಗೋಡೆಗೆ ಅಂಟಿಸಿದೆ. ಹಮಾಲಿಯ ಸಾಲನ್ನ ಮಾಮಾ ತಾವೇ ಕೆಂಪು ಪೆನ್ನಿನಲ್ಲಿ ತಿದ್ದಿದ್ದಾರೆ. ಯುಗಾದಿಗೆ ಊರಿಗೆ ಹೋದಾಗ ಹೊಸ ಪ್ರಿಂಟ್ ಹಾಕಬೇಕು.